ಹೊಂಗೆ ಹೂ ಬಿಡುವ ಮುನ್ನ ನುಸಿಯ ಲೆಕ್ಕ

ಪ್ರಶ್ನೆ: ನಮ್ಮ ತೋಟದ ಅಂಚಿನಲ್ಲಿ ಹತ್ತು ಮೆಲ್ಲಿಫೆರಾ (ಯುರೋಪಿನ ಜೇನುನೊಣ) ಪೆಟ್ಟಿಗೆಗಳಿವೆ. ಫೆಬ್ರುವರಿ ಶುರುವಾದಾಗಿನಿಂದ ಎರಡು ಪೆಟ್ಟಿಗೆಗಳ ಮುಂದೆ ರೆಕ್ಕೆ ಸುರುಟಿಕೊಂಡ ಎಳೆಯ ನೊಣಗಳು ನೆಲದ ಮೇಲೆ ತೆವಳುತ್ತಿವೆ. ನೊಣಗಳ ಮೈಗೆ ಅಂಟಿ ಬದುಕುವ ವರ್ರೋವಾ ನುಸಿಯ ಕಾಟ ಎಂದು ತಿಳಿದವರು ಹೇಳಿದರು. ಫಾರ್ಮಿಕ್ ಆಮ್ಲ ಇಡಿ ಎಂದು ಒಬ್ಬರು, ಆಕ್ಸಾಲಿಕ್ ಆಮ್ಲ ಸಾಕು ಎಂದು ಇನ್ನೊಬ್ಬರು. ಏಪ್ರಿಲ್‌ನಲ್ಲಿ ಹೊಂಗೆಯ ಜೇನು ಸಿಗಬೇಕು. ಏನು ಮಾಡಲಿ?
– ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಆಮ್ಲದ ಬಾಟಲಿ ಕೊಳ್ಳುವ ಮೊದಲು ನುಸಿಗಳನ್ನು ಎಣಿಸಿ. ಎರಡು ಪೆಟ್ಟಿಗೆಗಳಲ್ಲಿ ಮಾತ್ರ ಅಲ್ಲ, ಹತ್ತರಲ್ಲೂ. ನುಸಿ ಹೊತ್ತ ನೊಣಗಳು ದಾರಿ ತಪ್ಪಿ ಪಕ್ಕದ ಪೆಟ್ಟಿಗೆಗೆ ಹೋಗುತ್ತವೆ. ಸೋತ ಕುಟುಂಬದ ಜೇನನ್ನು ದೋಚಲು ಬಂದ ಬಲಿಷ್ಠ ಕುಟುಂಬದ ನೊಣಗಳು ನುಸಿಯನ್ನೂ ಹೊತ್ತುಕೊಂಡು ಮರಳುತ್ತವೆ.

ಎಣಿಕೆಗೆ ಪುಡಿ ಸಕ್ಕರೆಯ ವಿಧಾನ ಸಾಕು. ಸಂಸಾರ ಕೋಣೆಯಿಂದ, ಅಂದರೆ ಮರಿಗಳು ಬೆಳೆಯುವ ಕೆಳಗಿನ ಕೋಣೆಯಿಂದ, ಮರಿಗಳಿರುವ ಒಂದು ಚೌಕಟ್ಟನ್ನು ಎತ್ತಿ, ರಾಣಿ ಅದರ ಮೇಲಿಲ್ಲ ಎಂದು ಎರಡು ಬಾರಿ ನೋಡಿಕೊಳ್ಳಿ. ಅರ್ಧ ಲೋಟದಷ್ಟು, ಅಂದರೆ ಸುಮಾರು 300 ನೊಣಗಳನ್ನು ಅಗಲ ಬಾಯಿಯ ಡಬ್ಬಿಗೆ ಕೊಡವಿ, ಬಾಯಿಗೆ ಜಾಲರಿ ಬಿಗಿಯಿರಿ. ಎರಡು ಚಮಚ ನುಣ್ಣನೆಯ ಸಕ್ಕರೆ ಪುಡಿ ಹಾಕಿ ಒಂದು ನಿಮಿಷ ಹೊರಳಿಸಿ, ಎರಡು ನಿಮಿಷ ನೆರಳಿನಲ್ಲಿಟ್ಟು, ಬಿಳಿ ತಟ್ಟೆಯ ಮೇಲೆ ಬೋರಲು ಹಿಡಿದು ಜೋರಾಗಿ ಅಲ್ಲಾಡಿಸಿ. ಸಕ್ಕರೆಯ ಮೇಲೆ ನೀರು ಚಿಮುಕಿಸಿದರೆ ಅದು ಕರಗಿ, ಕೆಂಗಂದು ನುಸಿಗಳು ಎದ್ದು ಕಾಣುತ್ತವೆ. ನೊಣಗಳನ್ನು ಪೆಟ್ಟಿಗೆಗೆ ಮರಳಿಸಿ. ಸಕ್ಕರೆಯನ್ನು ಉಳಿದ ನೊಣಗಳು ನೆಕ್ಕಿ ತೆಗೆಯುತ್ತವೆ.

ಮುನ್ನೂರಕ್ಕೆ ಆರು ನುಸಿ ಎಂದರೆ ನೂರಕ್ಕೆ ಎರಡು. ಕೇಳುವುದಕ್ಕೆ ಅಲ್ಪ. ಆದರೆ ಮರಿಗಳು ತುಂಬಿರುವ ಈ ಕಾಲದಲ್ಲಿ ನುಸಿಗಳ ಅರ್ಧಕ್ಕಿಂತ ಹೆಚ್ಚು ಪಾಲು ಮೇಣದ ಮುಚ್ಚಳದಡಿಯ ಕಣಗಳಲ್ಲಿ, ಅಂದರೆ ಮರಿ ಬೆಳೆಯುವ ಪುಟ್ಟ ಗೂಡುಗಳಲ್ಲಿ, ಅಡಗಿರುತ್ತದೆ. ಹೆಣ್ಣು ನುಸಿ ಕಣ ಮುಚ್ಚುವ ತುಸು ಮೊದಲು ಒಳಹೊಕ್ಕು, ಮರಿಯ ಮೇಲೆಯೇ ಬದುಕುತ್ತ ಮೊಟ್ಟೆಯಿಡುತ್ತದೆ. ಕೆಲಸಗಾರ ನೊಣದ ಕಣ ಸುಮಾರು 12 ದಿನ ಮುಚ್ಚಿರುತ್ತದೆ, ಗಂಡು ನೊಣದ್ದು 14ರಿಂದ 15 ದಿನ. ಹೆಚ್ಚು ದಿನ ಸಿಕ್ಕಷ್ಟೂ ಹೆಚ್ಚು ಮರಿನುಸಿಗಳು ಬಲಿಯುತ್ತವೆ. ಗಂಡು ಮರಿಗಳೆಂದರೆ ವರ್ರೋವಾಕ್ಕೆ ಅಷ್ಟು ಇಷ್ಟವಾಗುವುದು ಅದಕ್ಕೇ. ಆದ್ದರಿಂದ ವಸಂತದಲ್ಲಿ ನೂರಕ್ಕೆ ಎರಡು ಕಂಡರೆ ನಾನು ತಡಮಾಡುವುದಿಲ್ಲ. ಸುರುಟಿದ ರೆಕ್ಕೆಗಳು ಕಾಣುತ್ತಿವೆ ಎಂದರೆ ನುಸಿ ಹರಡುವ ರೆಕ್ಕೆ ವಿಕಾರದ ವೈರಾಣು ಆ ಎರಡು ಕುಟುಂಬಗಳಲ್ಲಿ ಆಗಲೇ ಬಲವಾಗಿದೆ.

ಆಕ್ಸಾಲಿಕ್ ಆಮ್ಲದ ಬಗ್ಗೆ ನಿಮ್ಮ ಮಿತ್ರರು ಹೇಳಿದ್ದು ಸುಳ್ಳಲ್ಲ, ಆದರೆ ಕಾಲ ತಪ್ಪಿದ ಸಲಹೆ. ಅದು ನೊಣಗಳ ಮೈಮೇಲಿನ ನುಸಿಯನ್ನು ಕೊಲ್ಲುತ್ತದೆ, ಮುಚ್ಚಿದ ಕಣದೊಳಕ್ಕೆ ಹೋಗುವುದಿಲ್ಲ. ಅದರ ಪೂರ್ಣ ಫಲ ಬೇಕಾದರೆ ರಾಣಿಯನ್ನು ಸುಮಾರು 24 ದಿನ ಪಂಜರದಲ್ಲಿಟ್ಟು, ಎಲ್ಲ ಮರಿಗಳೂ ಹೊರಬಂದ ಮೇಲೆ ಕೊಡಬೇಕು. ಈಗ ರಾಣಿಯನ್ನು ಕೂಡಿಟ್ಟರೆ ಏನಾಗುತ್ತದೆ ನೋಡಿ: ಮೊಟ್ಟೆಯೊಂದು ನೊಣವಾಗಿ ಹೊರಬರಲು 21 ದಿನ, ಆ ನೊಣ ಹೂವಿಗೆ ಹೊರಡಲು ಇನ್ನೂ ಮೂರು ವಾರ. ಫೆಬ್ರುವರಿಯಲ್ಲಿ ಇಡದ ಮೊಟ್ಟೆ ಏಪ್ರಿಲ್‌ನಲ್ಲಿ ಹೊಂಗೆ ಅರಳಿದಾಗ ಇಲ್ಲದ ದುಡಿಮೆಗಾರ. ಈ ಉಪಾಯವನ್ನು ಹೊಂಗೆ ಮುಗಿದ ಮೇಲಿನ ಮಳೆಗಾಲದ ಹೂವಿನ ಬರಕ್ಕೆ ಎತ್ತಿಡಿ.

ಈಗ ಬೇಕಿರುವುದು ಫಾರ್ಮಿಕ್. ಅದರ ಆವಿ ಮುಚ್ಚಳ ದಾಟಿ ಒಳಗಿನ ನುಸಿಯನ್ನೂ ತಲುಪುತ್ತದೆ. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮ ಇದು: ಶೇ 85ರ ಆಮ್ಲ 5 ಮಿ.ಲೀ., ಹತ್ತಿಯ ಬತ್ತಿ ಇಳಿಬಿಟ್ಟ ಚಿಕ್ಕ ಸೀಸೆಯಲ್ಲಿ, ಪೆಟ್ಟಿಗೆಯ ಒಂದು ಮೂಲೆಯಲ್ಲಿ. ದಿನವೂ ಮತ್ತೆ ತುಂಬಿಸುತ್ತ ಎರಡರಿಂದ ಮೂರು ವಾರ. ನೊಣಗಳು ಮನೆ ಸೇರಿದ ಮೇಲೆ ಸಂಜೆ ತುಂಬಿಸಿ, ಬಾಗಿಲನ್ನು ಪೂರ್ತಿ ತೆರೆದಿಡಿ. ಬಿಸಿಲೇ ಇದರ ಶತ್ರು. ಹಗಲಿನ ಉಷ್ಣತೆ 30 ಡಿಗ್ರಿ ದಾಟುತ್ತ ಹೋದಂತೆ ಆಮ್ಲ ಒಮ್ಮೆಲೇ ಆವಿಯಾಗಿ ಎಳೆಯ ಮರಿಗಳು ಸಾಯುತ್ತವೆ, ರಾಣಿಯೂ ಸಾಯಬಹುದು. ನಿಮ್ಮ ಬಯಲುಸೀಮೆಯಲ್ಲಿ ಮಾರ್ಚ್‌ನ ಮಧ್ಯಾಹ್ನಗಳನ್ನು ನಂಬುವಂತಿಲ್ಲ, ಹಾಗಾಗಿ ಈ ವಾರವೇ ಶುರುಮಾಡಿ, ಪೆಟ್ಟಿಗೆಗಳಿಗೆ ನೆರಳು ಮಾಡಿ. ಬಿಸಿಲು ಏರಿದ ದಿನ ಸೀಸೆ ತೆಗೆದುಬಿಡಿ. ಜೇನು ತುಂಬುವ ಮೇಲಿನ ಕೋಣೆಯನ್ನು ಚಿಕಿತ್ಸೆ ಮುಗಿಯುವವರೆಗೆ ಏರಿಸಲೇಬೇಡಿ.

ನಿಮ್ಮ ಮೈಯ ಬಗ್ಗೆಯೂ ಹೇಳಲೇಬೇಕು. ಈ ಆಮ್ಲ ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ರಬ್ಬರ್ ಕೈಗವಸು, ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಲ್ಲದೆ ಮುಚ್ಚಳ ತೆರೆಯಬೇಡಿ. ಗಾಳಿಗೆ ಬೆನ್ನು ಕೊಟ್ಟು ನಿಂತು ಸುರಿಯಿರಿ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಜೊತೆಗೆ ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಮರಿಗಳ ಅಂಚಿಗೆ ಖಾಲಿ ಚೌಕಟ್ಟೊಂದನ್ನು ಕೊಡಿ. ವಸಂತದ ಹುರುಪಿನಲ್ಲಿ ನೊಣಗಳು ಅಲ್ಲಿ ಗಂಡು ಎರಿಯನ್ನೇ, ಅಂದರೆ ಗಂಡು ಮರಿಗಳ ಮೇಣದ ಹುಟ್ಟನ್ನೇ, ಕಟ್ಟುತ್ತವೆ. ಕಣಗಳು ಮುಚ್ಚಿದೊಡನೆ ಎರಿಯನ್ನು ಕತ್ತರಿಸಿ ತೆಗೆದು, ಹೂತುಹಾಕಿ. ಮೊಟ್ಟೆಯಿಟ್ಟ 24ನೆಯ ದಿನಕ್ಕೆ ಗಂಡು ನೊಣ ಹೊರಬರುತ್ತದೆ. ಅಷ್ಟರೊಳಗೆ ತೆಗೆಯಲು ಮರೆತರೆ ನುಸಿಯನ್ನು ನೀವೇ ಸಾಕಿದಂತೆ. ದಿನಾಂಕವನ್ನು ಪೆಟ್ಟಿಗೆಯ ಮೇಲೆಯೇ ಬರೆಯಿರಿ.

ಎರಿಯ ಮೇಲೆ ಸರಸರನೆ ಓಡುವ, ಉದ್ದನೆಯ, ಇನ್ನೂ ಚಿಕ್ಕ ನುಸಿ ಕಂಡರೆ ಅದು ಟ್ರೋಪಿಲೇಲಾಪ್ಸ್, ಹೆಜ್ಜೇನಿನಿಂದ ಬಂದದ್ದು. ವರ್ರೋವಾ ಉದ್ದಕ್ಕಿಂತ ಅಗಲ ಹೆಚ್ಚು. ಟ್ರೋಪಿಲೇಲಾಪ್ಸ್ ಸಕ್ಕರೆ ಎಣಿಕೆಗೆ ಸರಿಯಾಗಿ ಸಿಗುವುದಿಲ್ಲ. ನೊಣ ಕೊಡವಿದ ಮರಿ ಚೌಕಟ್ಟನ್ನು ಬಿಳಿ ತಟ್ಟೆಗೆ ಬಡಿದು ನೋಡಬೇಕು.

ಚಿಕಿತ್ಸೆ ಮುಗಿದ ಎರಡು ವಾರಕ್ಕೆ ಮತ್ತೆ ಎಣಿಸಿ. ಆಗಲೇ ವೈರಾಣು ತಗುಲಿದ ಮರಿಗಳು ಹೊರಬಂದು ಮುಗಿಯುವವರೆಗೆ ಸುರುಟಿದ ರೆಕ್ಕೆಗಳು ಕಾಣುತ್ತಲೇ ಇರುತ್ತವೆ, ಗಾಬರಿಯಾಗಿ ಮದ್ದಿನ ಪ್ರಮಾಣ ಹೆಚ್ಚಿಸಬೇಡಿ.

ಪ್ರಶ್ನೆ: ನನ್ನ ತುಡುವೆ (ನಮ್ಮ ನಾಡಿನ ಜೇನುನೊಣ) ಪೆಟ್ಟಿಗೆಗಳ ಗಂಡು ಕಣಗಳಲ್ಲಿ ಇದೇ ನುಸಿ ಕಂಡಿತು. ಕೆಲವು ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿವೆ. ನಾನೂ ಫಾರ್ಮಿಕ್ ಇಡಬೇಕೆ?
– ಓದುಗರು, ಶಿರಸಿ

ಉತ್ತರ: ಬೇಡ. ತುಡುವೆಯೇ ಈ ನುಸಿಯ ಮೂಲ ಆಶ್ರಯದಾತ. ಎರಡೂ ಬಹುಕಾಲದಿಂದ ಜೊತೆಗೆ ಬಾಳಿವೆ. ತುಡುವೆ ನೊಣಗಳು ಮೈಮೇಲಿನ ನುಸಿಯನ್ನು ಕಚ್ಚಿ ತೆಗೆಯುತ್ತವೆ, ನುಸಿ ಹೊಕ್ಕ ಕೆಲಸಗಾರ ಮರಿಯನ್ನು ಹೊರಗೆಸೆಯುತ್ತವೆ. ನುಸಿ ಬೆಳೆಯುವುದು ಹೆಚ್ಚಾಗಿ ಗಂಡು ಕಣಗಳಲ್ಲಿ. ಅಲ್ಲೂ ಹಲವು ನುಸಿಗಳು ಹೊಕ್ಕು ಸೊರಗಿದ ಗಂಡು ಮರಿಗೆ ಗಟ್ಟಿ ಮುಚ್ಚಳ ತೆರೆಯಲಾಗದೆ, ಅದರೊಡನೆ ನುಸಿಗಳೂ ಒಳಗೇ ಸಾಯುತ್ತವೆ.

ನಿಮ್ಮ ನಿಜವಾದ ತೊಂದರೆ ಆ ಚೀಲದಂತಹ ಮರಿಗಳು. ಅದು ಥಾಯ್ ಸ್ಯಾಕ್‌ಬ್ರೂಡ್ ವೈರಾಣು ರೋಗದ ಲಕ್ಷಣ. 1991-92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವನ್ನು ನಾಶಮಾಡಿದ ರೋಗ ಇದೇ. ಇದನ್ನು ವಾಸಿಮಾಡುವ ಮದ್ದಿಲ್ಲ. ರೋಗ ಕಂಡ ಪೆಟ್ಟಿಗೆಯನ್ನು ದೂರ ಸರಿಸಿ, ರಾಣಿಯನ್ನು ಕೆಲದಿನ ಪಂಜರದಲ್ಲಿಟ್ಟು ಮರಿಯ ಸಾಲನ್ನು ಕಡಿಯಿರಿ, ಆ ಪೆಟ್ಟಿಗೆಯ ಚೌಕಟ್ಟು ಬೇರೊಂದಕ್ಕೆ ಹೋಗದಿರಲಿ. ಮದ್ದಿಲ್ಲದೆ ಉಳಿದುಕೊಂಡ ಕುಟುಂಬಗಳಿಂದಲೇ ಹೊಸ ರಾಣಿಗಳನ್ನು ಬೆಳೆಸಿ. ರೋಗದಿಂದ ಖಾಲಿಯಾದ ಪೆಟ್ಟಿಗೆಯ ಹಳೆಯ ಎರಿಗಳನ್ನು ಕರಗಿಸಿ ಮೇಣ ಮಾಡಿ, ಹೊಸ ಕುಟುಂಬಕ್ಕೆ ಕೊಡಬೇಡಿ.