ಓದುಗರ ಪ್ರಶ್ನೆ: ಹಳೆಯ ಗಿಟಾರ್ ಆಂಪ್ಲಿಫೈಯರ್‌ಗೆ ಕಂಟ್ರೋಲ್ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರು ಗಣೇಶೋತ್ಸವದ ರಸಮಂಜರಿಗಳಲ್ಲಿ ಗಿಟಾರ್ ನುಡಿಸುತ್ತಿದ್ದರು. ಹಲವು ವರ್ಷ ಅಟ್ಟದಲ್ಲಿದ್ದ ಅವರ ವಾಲ್ವ್ ಆಂಪ್ಲಿಫೈಯರನ್ನು ಈಗ ಕೆಳಗಿಳಿಸಿದ್ದೇನೆ. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿದ್ದುದರಿಂದ ಇಲ್ಲಿಯ ರಿಪೇರಿಯವರೊಬ್ಬರಿಂದ ಹೊಸ ಕಂಟ್ರೋಲ್ ಹಾಕಿಸಿದೆ. ಕರಕರ ನಿಲ್ಲಲಿಲ್ಲ. ಮೇಲಾಗಿ, ಈಗ ನಾಬನ್ನು ತುಸು ತಿರುಗಿಸಿದೊಡನೆ ಸದ್ದು ಒಮ್ಮೆಲೇ ಏರುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಬೇಸ್ ಕಂಟ್ರೋಲಿನ ದಂಡ ಮುರಿದಿದೆ, ಎರಡು ನಾಬ್‌ಗಳು ಕಳೆದಿವೆ. ಇದರ ಸಾಮಾನು ಈಗ ಸಿಗುವುದಿಲ್ಲ ಎನ್ನುತ್ತಾರೆ. ದಾರಿ ತೋರಿಸಿ.
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಸಾಮಾನು ಸಿಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಅಂಗಡಿಯವರು ಪಾಟ್ ಎಂದು ಕರೆಯುವ ಈ ಕಂಟ್ರೋಲ್ ಯಾವುದೋ ಒಂದು ಕಂಪನಿಯ ಸೆಟ್ಟಿಗೆ ಮಾತ್ರ ಹೊಂದುವ ವಸ್ತುವಲ್ಲ. ಅದರ ಓಮ್ ಬೆಲೆ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ದುಡ್ಡಿನ ಬೆಲೆಯಲ್ಲ), ಏರಿಕೆಯ ಬಗೆ (ತಿರುಗಿಸಿದಂತೆ ಆ ತಡೆ ಬದಲಾಗುವ ರೀತಿ), ದಂಡದ ಅಳತೆ ಇಷ್ಟು ಕೂಡಿಬಂದರೆ ಯಾರು ತಯಾರಿಸಿದ ಪಾಟ್ ಆದರೂ ನಡೆಯುತ್ತದೆ. ನಿಮ್ಮ ಸೆಟ್ಟಿನಲ್ಲಿ ಈಗ ತಪ್ಪಿರುವುದು ಏರಿಕೆಯ ಬಗೆ. ನೀವು ಬರೆದಿರುವ ಲಕ್ಷಣವನ್ನು ನೋಡಿದರೆ, ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಏರುವ ಲಾಗ್ ಪಾಟ್ ಇರಬೇಕಾದ ಜಾಗದಲ್ಲಿ ಒಂದೇ ಸಮನೆ ಏರುವ ಲೀನಿಯರ್ ಪಾಟ್ ಕೂರಿಸಿರುವುದು ಬಹುತೇಕ ಖಚಿತ. ಲೀನಿಯರ್ ಪಾಟನ್ನು ಅರ್ಧಕ್ಕೆ ತಿರುಗಿಸಿದರೆ ಸಿಗ್ನಲ್ ಪೂರ್ಣಮಟ್ಟಕ್ಕಿಂತ 6 ಡೆಸಿಬೆಲ್ ಮಾತ್ರ ಕಡಿಮೆ ಇರುತ್ತದೆ. ಅಷ್ಟು ಇಳಿಕೆ ನಮ್ಮ ಕಿವಿಗೆ ದೊಡ್ಡದಲ್ಲವಾದ್ದರಿಂದ ಏರಿಕೆಯೆಲ್ಲ ಮೊದಲ ಕಾಲು ಸುತ್ತಿನಲ್ಲೇ ಮುಗಿದಂತೆ ಕೇಳಿಸುತ್ತದೆ. ಲಾಗ್ ಪಾಟ್ ನಡುಮಧ್ಯದಲ್ಲಿ ಸುಮಾರು ಶೇ. 10ರಿಂದ 20ರಷ್ಟನ್ನೇ ಬಿಟ್ಟುಕೊಡುವುದರಿಂದ ಸದ್ದು ಹಂತಹಂತವಾಗಿ ಏರುತ್ತದೆ.

ಕರಕರದ ವಿಷಯ ಬೇರೆ. ಹೊಸ ಪಾಟಿನಲ್ಲೂ ಅದೇ ಸದ್ದು ಉಳಿದಿದೆಯೆಂದರೆ, ಹಳೆಯದರ ಮೇಲೆ ಹೊರಿಸಿದ ತಪ್ಪು ಅದರದ್ದಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಧ್ವನಿಯನ್ನು ಹೆಚ್ಚಿಸುವ ಗಾಜಿನ ಕೊಳವೆಯಾದ ವಾಲ್ವಿನ ಪ್ಲೇಟ್ ಎಂಬ ತುದಿಯಲ್ಲಿ ನೂರಾರು ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್, ಇರುತ್ತದೆ. ಅದನ್ನು ತಡೆದು ಧ್ವನಿಯನ್ನಷ್ಟೇ ಮುಂದಕ್ಕೆ ಬಿಡುವುದು ವಾಲ್ವಿಗೂ ಪಾಟಿಗೂ ನಡುವಿನ ಕಪ್ಲಿಂಗ್ ಕೆಪಾಸಿಟರಿನ ಕೆಲಸ. ಅದು ಹಳತಾಗಿ ಸೋರತೊಡಗಿದರೆ ಪಾಟಿನ ಮೇಲೆ ಡಿಸಿ ಬಂದು ನಿಲ್ಲುತ್ತದೆ, ಆಗ ಎಷ್ಟು ಹೊಸ ಪಾಟ್ ಹಾಕಿದರೂ ತಿರುಗಿಸುವಾಗ ಕರಕರ ಎನ್ನುತ್ತದೆ. ಸೆಟ್ ಚಾಲೂ ಇರುವಾಗ ಪಾಟಿಗೆ ಧ್ವನಿ ಬರುವ ಹೊರತುದಿಯ ಕಾಲಿಗೂ ಚಾಸಿಗೂ (ಸೆಟ್ಟಿನ ತಗಡಿನ ಮೈಗೂ) ನಡುವೆ ಡಿಸಿ ಅಳೆದರೆ ಸೊನ್ನೆಯ ಆಸುಪಾಸಿನಲ್ಲಿರಬೇಕು. ಒಂದೆರಡು ವೋಲ್ಟ್ ಕಂಡರೂ ಮೊದಲು ಆ ಕೆಪಾಸಿಟರನ್ನು ಬದಲಿಸಬೇಕು. ಹಳೆಯದರಷ್ಟೇ ಧಾರಕತೆಯುಳ್ಳ, 630 ವೋಲ್ಟ್ ಫಿಲ್ಮ್ ಕೆಪಾಸಿಟರ್ ಹಾಕಿಸಿ.

ಈ ಅಳತೆಯನ್ನು ವಾಲ್ವ್ ಸೆಟ್ ಬಿಚ್ಚಿ ಅಭ್ಯಾಸವಿರುವವರಿಂದಲೇ ಮಾಡಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪ್ಲಗ್ ಕಿತ್ತ ಮೇಲೂ, ಸೆಟ್ಟಿನ ವಿದ್ಯುತ್ತನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300, 400 ವೋಲ್ಟ್ ಉಳಿದಿರಬಲ್ಲದು, ಅದು ಪ್ರಾಣ ತೆಗೆಯುವಂಥದ್ದು. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕಬೇಕು.

ಇನ್ನು ದಂಡ ಮುರಿದ ಬೇಸ್ ಪಾಟ್. ಅದನ್ನು ದಯವಿಟ್ಟು ಎಸೆಯಬೇಡಿ, ಕೇಳಬೇಕಾದ ಸಾಮಾನಿನ ಚೀಟಿಯೇ ಅದು. ಬೆನ್ನಿನ ತಗಡಿನ ಮೇಲೆ 250ಕೆ (ಎರಡೂವರೆ ಲಕ್ಷ ಓಮ್), 1ಎಂ (ಹತ್ತು ಲಕ್ಷ ಓಮ್) ಎಂಬಂಥ ಬೆಲೆಯೂ ಒಂದು ಅಕ್ಷರವೂ ಇರುತ್ತವೆ. ಈಗಿನ ಪಾಟ್‌ಗಳಲ್ಲಿ ಸಾಮಾನ್ಯವಾಗಿ ಎ ಎಂದರೆ ಲಾಗ್, ಬಿ ಎಂದರೆ ಲೀನಿಯರ್. ಹಳೆಯ ಯುರೋಪಿನ ಕೆಲವು ತಯಾರಿಕೆಗಳಲ್ಲಿ ಇದು ಅದಲುಬದಲಾಗಿರುವುದುಂಟು, ಆದ್ದರಿಂದ ಅಕ್ಷರಕ್ಕಿಂತ ಮೀಟರನ್ನು ನಂಬಿ. ಅಮೆರಿಕದ ಪಾಟ್ ಆಗಿದ್ದರೆ 1377633ರಂಥ ಉದ್ದನೆಯ ಸಂಖ್ಯೆಯೂ ಕಾಣಬಹುದು. ಅದು ಓಮ್ ಬೆಲೆಯಲ್ಲ, 137 ಎಂಬುದು ತಯಾರಕರ ಗುರುತು, ಉಳಿದದ್ದು 1976ನೇ ಇಸವಿಯ 33ನೇ ವಾರ. ನಿಮ್ಮ ಸೆಟ್ಟಿನ ವಯಸ್ಸನ್ನೂ ಇದರಿಂದ ಅಂದಾಜು ಮಾಡಬಹುದು.

ಅಕ್ಷರ ಅಳಿಸಿಹೋಗಿದ್ದರೆ ಪಾಟನ್ನು ಬೆಸುಗೆ ಬಿಡಿಸಿ ಹೊರತೆಗೆದು ಎರಡು ಹೊರಕಾಲುಗಳ ನಡುವೆ ಅಳೆಯಿರಿ, ಅದು ಪೂರ್ಣ ಬೆಲೆ. ಮುರಿದು ಉಳಿದ ಮೋಟು ದಂಡವನ್ನು ಇಕ್ಕಳದಿಂದ ಹಿಡಿದು ನಡುಮಧ್ಯಕ್ಕೆ ತಂದು, ದಂಡ ನಿಮ್ಮ ಕಡೆಗೂ ಕಾಲುಗಳು ಕೆಳಕ್ಕೂ ಇರುವಂತೆ ಹಿಡಿದು, ನಡುವಿನ ಕಾಲಿಗೂ ಎಡಗಾಲಿಗೂ ಅಳೆಯಿರಿ. 250ಕೆ ಪಾಟಿನಲ್ಲಿ 125ಕೆ ಹತ್ತಿರ ಬಂದರೆ ಲೀನಿಯರ್, 25ರಿಂದ 50ಕೆ ಒಳಗೆ ಬಂದರೆ ಲಾಗ್. ಪಾಟ್‌ಗಳ ಬೆಲೆಯಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ 220ಕೆ ಬದಲು 250ಕೆ, 470ಕೆ ಬದಲು 500ಕೆ ಧಾರಾಳವಾಗಿ ಹಾಕಬಹುದು. ಆದರೆ 1ಎಂ ಇರುವಲ್ಲಿ 250ಕೆ ಹಾಕಿದರೆ ತಂದೆಯವರು ಕೇಳುತ್ತಿದ್ದ ಧ್ವನಿ ಅದಾಗಿರುವುದಿಲ್ಲ.

ದಂಡದ ವ್ಯಾಸ 6 ಮಿ.ಮೀ. ಅಥವಾ ಕಾಲು ಇಂಚು, ಅಂದರೆ 6.35 ಮಿ.ಮೀ. ಇರುತ್ತದೆ, ಕಣ್ಣಿಗೆ ಒಂದೇ ಎನಿಸುವ ಈ ವ್ಯತ್ಯಾಸ ನಾಬ್ ಕೂರಿಸುವಾಗ ತಿಳಿಯುತ್ತದೆ. ಉಳಿದಿರುವ ನಾಬ್‌ಗಳಲ್ಲಿ ಒಂದನ್ನು ಜೊತೆಯಲ್ಲೇ ಒಯ್ಯಿರಿ. ಹೊಸ ಪಾಟಿನ ಕುತ್ತಿಗೆ ಪ್ಯಾನೆಲಿನ ತೂತಿಗಿಂತ ಸಣ್ಣದಾದರೆ ವಾಷರ್ ಹಾಕಿ ಬಿಗಿದರೆ ಸಾಕು. ದಪ್ಪವಾದರೆ ಮಾತ್ರ ಹಳೆಯ ಪ್ಯಾನೆಲನ್ನು ಕೊರೆಯಲು ಬಿಡಬೇಡಿ, ಬೇರೆ ಪಾಟ್ ಹುಡುಕಿ.

ಮೊದಲು ದಾವಣಗೆರೆಯಲ್ಲೇ ಹಳೆಯ ರೇಡಿಯೊ ರಿಪೇರಿಯವರ ಡಬ್ಬಿಗಳನ್ನು ನೋಡಿ. ವಾಲ್ವ್ ರೇಡಿಯೊಗಳ ವಾಲ್ಯೂಮ್ ಪಾಟ್‌ಗಳು ಹೆಚ್ಚಾಗಿ 500ಕೆ ಅಥವಾ 1ಎಂ ಲಾಗ್ ಬಗೆಯವು. ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು. ಭಾನುವಾರ ಅಲ್ಲಿ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನವೇ ಹೊರಡಿ. ಕಳೆದ ನಾಬ್‌ಗಳ ಜೋಡಿ ಸಿಗದೇ ಹೋದರೆ, ಉಳಿದಿರುವ ಹಳೆಯವನ್ನು ಕೈ ಹೆಚ್ಚು ಓಡುವ ವಾಲ್ಯೂಮ್ ಮತ್ತು ಟ್ರೆಬಲ್‌ಗೆ ಇಟ್ಟುಕೊಂಡು, ಮಿಕ್ಕವಕ್ಕೆ ಸ್ಕ್ರೂ ಬಿಗಿಯುವ ಸಾದಾ ಕಪ್ಪು ನಾಬ್ ಹಾಕಿ.