ಸಂಕ್ರಾಂತಿ ದಿನ ಸೂರ್ಯ ಇನ್ನೂ ಧನುವಿನಲ್ಲೇ?

ಜನವರಿ 14ಕ್ಕೆ ಮಕರ ಸಂಕ್ರಾಂತಿ ಅಂತ ಪಂಚಾಂಗ ಹೇಳುತ್ತೆ, ಮೊಬೈಲಿನ ಆಕಾಶ ನಕ್ಷೆ ಮಾತ್ರ ಸೂರ್ಯನನ್ನ ಧನುವಿನಲ್ಲೇ ತೋರಿಸುತ್ತೆ, ಯಾವುದು ತಪ್ಪು ಅಂತ ಕೇಳಿದ್ದೀರಿ. ಎರಡೂ ಸರಿ, ಅಳತೆ ಬೇರೆ ಅಷ್ಟೇ. ಪಂಚಾಂಗದ ರಾಶಿ ಅಂದ್ರೆ ಸೂರ್ಯನ ದಾರಿಯನ್ನ 12 ಸಮಪಾಲು ಮಾಡಿದ್ದು, ತಲಾ 30 ಡಿಗ್ರಿ. ಮೊಬೈಲಿನ ನಕ್ಷೆ ತೋರಿಸೋ ನಕ್ಷತ್ರಪುಂಜಗಳೋ, ಅಣ್ಣತಮ್ಮಂದಿರು ಜಗಳ ಆಡಿ ಹಂಚಿಕೊಂಡ ಜಮೀನಿನ ಹಾಗೆ ಅಡ್ಡಾದಿಡ್ಡಿ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1930ರಲ್ಲಿ ಪ್ರಕಟಿಸಿದ ಗಡಿಗಳ ಪ್ರಕಾರ ಸೂರ್ಯ ಕನ್ಯಾದಲ್ಲಿ ಸುಮಾರು 45 ದಿನ ಇರ್ತಾನೆ, ವೃಶ್ಚಿಕದಲ್ಲಿ ಬರೀ ಒಂದು ವಾರ. ಅಲ್ಲಿಂದ ಡಿಸೆಂಬರ್ ಮಧ್ಯದವರೆಗೆ ಉರಗಧರ ಅನ್ನೋ ಹದಿಮೂರನೆಯವನ ಮನೆಯಲ್ಲಿ. ಪಾಪ, ಅವನಿಗೆ ಜಾತಕದಲ್ಲಿ ಜಾಗವೇ ಇಲ್ಲ! ಜನವರಿ 21ಕ್ಕೆ ಅದೇ ನಕ್ಷೆ ಮತ್ತೆ ತೆರೆದು ನೋಡಿ, ಸೂರ್ಯ ಮಕರಕ್ಕೆ ಕಾಲಿಟ್ಟಿರ್ತಾನೆ.