ಒನಕೆ ನಮ್ಮನೇದು, ಓಬವ್ವ ಬೇರೆಯವರ ಮನೇದು

ಪ್ರಶ್ನೆ: ಸಾರ್, ಮೊನ್ನೆ ರೂಮಲ್ಲಿ ಎಲ್ಲಾ ಸೇರ್ಕಂಡು 'ದ ಹಾರ್ಡರ್ ದೇ ಫಾಲ್' ಅನ್ನೋ ಕೌಬಾಯ್ ಪಿಚ್ಚರ್ ನೋಡಿದ್ವಿ. ಹೀರೋ, ವಿಲನ್, ಹೀರೋಯಿನ್ ಎಲ್ಲಾ ಕಪ್ಪು ಜನಾನೇ. ಫ್ರೆಂಡ್ ಒಬ್ಬ 'ಕೌಬಾಯ್ ಅಂದ್ರೆ ಬಿಳಿಯರು ಕಣಲೇ, ಇದು ಬೇಕಂತ ತುರುಕಿರೋದು' ಅಂದ, ನಾನು ಇಲ್ಲ ಅಂದೆ, ಮಂಡಕ್ಕಿ ಮೆಣಸಿನಕಾಯಿ ಖಾಲಿ ಆದ್ರೂ ಜಗಳ ಮುಗೀಲಿಲ್ಲ. ಯಾರದು ಸರಿ?
- ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಂದೇ ಸರಿ ತಮ್ಮಾ, ಆದ್ರೆ ಪೂರ್ತಿ ಗೆದ್ದೆ ಅನ್ಕೋಬೇಡ.

ಟೋಪಿ ಪಿಸ್ತೂಲು ತೆಗೆದಿಟ್ರೆ ಕೌಬಾಯ್ ಅಂದ್ರೆ ಕೂಲಿಗೆ ದನ ಹೊಡ್ಕೊಂಡು ಹೋಗೋ ಹುಡುಗ ಅಷ್ಟೇ, ನಮ್ಮ ಚಳ್ಳಕೆರೆ ಕಡೆ ದೇವರ ಎತ್ತು ಕಾಯೋ ಕಿಲಾರಿ ಇದಾನಲ್ಲ ಹಂಗೆ, ಕಿಲಾರಿಗಿರೋ ಮರ್ಯಾದೆ ಮಾತ್ರ ಅವರಿಗೆ ಇರ್ಲಿಲ್ಲ. 1865ರಲ್ಲಿ ಅಮೆರಿಕಾದಲ್ಲಿ ಗುಲಾಮಗಿರಿ ಹೋಯ್ತು, ಟೆಕ್ಸಾಸಲ್ಲಿ ಬಿಡುಗಡೆ ಆದ ಕಪ್ಪು ಜನಕ್ಕೆ ದನದ ಕೆಲಸ ಮೊದಲೇ ಗೊತ್ತಿತ್ತು, ಅದ್ರಲ್ಲೇ ಕೂಲಿ ಹಿಡಿದ್ರು, ಕಾನ್ಸಾಸ್ ರೈಲ್ವೆ ಸ್ಟೇಷನ್‌ಗಳವರೆಗೂ ದನ ನಡೆಸ್ಕೊಂಡು ಹೋದ್ರು. ನಾಲ್ಕರಲ್ಲಿ ಒಬ್ಬ ಕೌಬಾಯ್ ಕಪ್ಪು ಮನುಷ್ಯ ಅಂತ ಇತಿಹಾಸಕಾರರ ಅಂದಾಜು. ಹಗ್ಗ ಬೀಸಿ ದನ ಹಿಡಿಯೋ ವಿದ್ಯೆ ಮೆಕ್ಸಿಕೋ ದನಗಾಹಿಗಳದ್ದು. ಎಲ್ಲಾ ಕಡೆ ಬಿಳಿ ಮುಖಾನೇ ತುರುಕಿದ್ದು ಹಾಲಿವುಡ್ಡು, ಅದಕ್ಕೆ ನಿನ್ನ ಫ್ರೆಂಡು ಯಾವತ್ತಾದ್ರೂ ಸಿಟ್ಟಾಗಿದ್ನಾ ಕೇಳು.

ಶುರುವಲ್ಲೇ ಪರದೆ ಮೇಲೆ ಬರುತ್ತಲ್ಲ, ಕಥೆ ಕಟ್ಟಿದ್ದು, ಜನ ಮಾತ್ರ ನಿಜವಾಗ್ಲೂ ಇದ್ದೋರು ಅಂತ. ಹೌದು, ಹೀರೋ ನ್ಯಾಟ್ ಲವ್ 1907ರಲ್ಲಿ ತನ್ನ ಕಥೆ ತಾನೇ ಬರೆದು ಪುಸ್ತಕ ಮಾಡಿದಾನೆ, ಪಿಚ್ಚರಲ್ಲಿ ಬರೋ ಬಾಸ್ ರೀವ್ಸ್ ಗುಲಾಮನಾಗಿ ಹುಟ್ಟಿ ಡೆಪ್ಯುಟಿ ಮಾರ್ಷಲ್, ಅಂದ್ರೆ ಕಳ್ಳರನ್ನ ಹಿಡಿಯೋ ಸರ್ಕಾರಿ ಅಧಿಕಾರಿ, ಆದೋನು. ಇವರೆಲ್ಲ ಒಂದೇ ಊರಲ್ಲಿ ಸೇರಿ ಗುಂಡು ಹಾರಿಸಿದ್ದು ಡೈರೆಕ್ಟರ್ ಕಲ್ಪನೆ. ಬ್ಯಾಂಕ್ ದರೋಡೆ ಸೀನಲ್ಲಿ ಬಿಳಿಯರ ಊರು ತೋರಿಸ್ತಾರೆ ನೋಡು, ಮನೆ, ಗೋಡೆ, ನೆಲ ಎಲ್ಲಾ ಸುಣ್ಣ ಬಳಿದಂಗೆ ಬೆಳ್ಳಗೆ, ನಾನಂತೂ ಒಬ್ನೇ ಕೂತು ನಕ್ಕೆ.

ನಿಮ್ಮ ಜಗಳ ಆಗ್ಬೇಕಿದ್ದಿದ್ದು ಹೀರೋಯಿನ್ ಮೇರಿ ಬಗ್ಗೆ. ಅಸಲಿ ಮೇರಿ ಫೀಲ್ಡ್ಸ್ ಗುಲಾಮಳಾಗಿ ಹುಟ್ಟಿ, ಅರವತ್ತು ದಾಟಿದ ವಯಸ್ಸಲ್ಲಿ, 1895ರಿಂದ ಮೊಂಟಾನಾದಲ್ಲಿ ಟಪಾಲು ಗಾಡಿ ಹೊಡೆದ ದಪ್ಪ ಮೈಕಟ್ಟಿನ ಕಡುಗಪ್ಪು ಹೆಂಗಸು. ಪಿಚ್ಚರಲ್ಲಿ ಆ ಪಾತ್ರ ಮಾಡಿರೋ ಜಾಜಿ ಬೀಟ್ಸ್ ಸಣ್ಣಗೆ, ತಿಳಿ ಬಣ್ಣ, ಚಿಕ್ಕ ವಯಸ್ಸು. 2021ರಲ್ಲಿ ಬಿಡುಗಡೆ ಆದಾಗ್ಲೇ ಕಪ್ಪು ಜನಾನೇ ಇದನ್ನ ಎತ್ತಿ ಬೈದ್ರು. ಒಳ್ಳೆ ನಟಿ, ಅದು ಬೇರೆ ಮಾತು. ಆದ್ರೆ ಅಳಿಸಿಹೋದೋರನ್ನ ವಾಪಸ್ ತರ್ತೀನಿ ಅಂತ ಹೊರಟ ಪಿಚ್ಚರೇ ಅವಳ ಮೈಬಣ್ಣ ಅಳಿಸಿಬಿಟ್ರೆ ಹೆಂಗೆ?

ನಂಗೆ ಇದು ಯಾಕೆ ಚುಚ್ತು ಅಂದ್ರೆ, ಚಿತ್ರದುರ್ಗದಲ್ಲಿ ನಮ್ಮಕ್ಕ ಏಳನೇ ಕ್ಲಾಸಲ್ಲಿದ್ದಾಗ ಶಾಲೆ ಗ್ಯಾದರಿಂಗಿಗೆ ಓಬವ್ವನ ನಾಟಕ ಇಟ್ಟಿದ್ರು. ಕೋಟೆ ಕಾವಲುಗಾರನ ಹೆಂಡ್ತಿ, ದಲಿತರ ಮನೆ ಹೆಣ್ಮಗಳು ಅಂತ ನಮ್ಮಲ್ಲಿ ಎಲ್ಲಾರಿಗೂ ಗೊತ್ತು. ಅಕ್ಕ ಕಪ್ಪಗೆ ಗಟ್ಟಿಮುಟ್ಟಾಗಿದ್ಲು, ಮನೇಲಿ ಖಾರದ ಪುಡಿ ಕುಟ್ಟಿ ಕುಟ್ಟಿ ಒನಕೆ ಎತ್ತೋ ರೂಢಿ ಇತ್ತು, ರಿಹರ್ಸಲ್ ಎಲ್ಲಾ ಅವಳೇ ಮಾಡಿದ್ಲು. ಎರಡು ದಿನ ಇದ್ದಾಗ ಮೇಷ್ಟ್ರು, ಸ್ಟೇಜ್ ಲೈಟಿಗೆ ಮುಖ ಕಾಣಲ್ಲ ಅಂತ, ಒಬ್ಬ ಬೆಳ್ಳಗಿನ ಹುಡುಗೀಗೆ ಸೀರೆ ಕಚ್ಚೆ ಉಡಿಸಿದ್ರು. ಅಕ್ಕಂಗೆ ಕಿಂಡೀಲಿ ತಲೆ ಹಾಕೋ ಹೈದರಾಲಿ ಸೈನಿಕನ ಪಾರ್ಟು.

ಒನಕೆ ಮಾತ್ರ ನಮ್ಮನೇದೇ ಬೇಕು ಅಂತ ತರಿಸ್ಕೊಂಡ್ರು.